ಅದೇ ನಲವತ್ತು ಹಾಡುಗಳಿಂದ ಹೊರಬರುವುದು ಹೇಗೆ? ಬೆಂಗಳೂರಿನಲ್ಲಿ ಹೊಸ ಇಂಡೀ (ಸ್ವತಂತ್ರ) ರಾಕ್, ಜನಪದ ಹುಡುಕುವವರು ದಯವಿಟ್ಟು ಹೇಳಿ

ಹಳೆಯ ಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿದ್ದೇನೆ, ವಯಸ್ಸು 44. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಾಗ ಸಿ.ಡಿ. ಕೊಂಡು ಮನೆಗೆ ಬಂದ ರಾತ್ರಿ ಇನ್ನೂ ನೆನಪಿದೆ. ಶಿಶುನಾಳ ಷರೀಫರ ಪದ ಗಿಟಾರಿನೊಂದಿಗೆ ಹಾಗೆ ಕುಣಿಯಬಲ್ಲದು ಎಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಮರುವರ್ಷ ಸ್ವರಾತ್ಮ ತಂಡದ ಮೊದಲ ಆಲ್ಬಂ ಬಂತು. ಬೆಂಗಳೂರಿನ ರಾಕ್ ತಂಡ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಎಲ್ಲಿ ನುಡಿಸಿದರೂ ಗೆಳೆಯನ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದೆವು.

ಆಮೇಲೆ ಮದುವೆ, ಮಗಳು, ಅಮ್ಮನ ಕಾಯಿಲೆ, ಎರಡು ಸಲ ಕೆಲಸ ಬದಲಾಗಿದ್ದು. ಹಾಡು ಕೇಳುವುದು ನಿಲ್ಲಲಿಲ್ಲ, ಹುಡುಕುವುದು ನಿಂತುಹೋಯಿತು. ಹತ್ತು ವರ್ಷಗಳಿಂದ ಅದೇ ನಲವತ್ತು ಹಾಡು. ಹಾಡಿನ ಆ್ಯಪ್ ತೆರೆದರೆ ಅದೇ ನಲವತ್ತನ್ನು ಬೇರೆ ಬೇರೆ ಹೆಸರಿನ ಪಟ್ಟಿಗಳಲ್ಲಿ ತಂದು ಎದುರಿಗಿಡುತ್ತದೆ.

ಹೋದ ವಾರ ಹದಿಮೂರು ವರ್ಷದ ಮಗಳು ಕೇಳಿದಳು: "ಅಪ್ಪಾ, ಈ ವರ್ಷ ಯಾರಾದರೂ ಮಾಡಿದ ಹಾಡು ಒಂದಾದರೂ ನಿನ್ನ ಫೋನಿನಲ್ಲಿ ಇದೆಯೇ?" ಇರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಭಾಷೆ ಯಾವುದಾದರೂ ಸರಿ. ಧ್ವನಿಮುದ್ರಿಕೆಯಾದರೂ ಸರಿ, ಎದುರು ಕುಳಿತು ಕೇಳುವುದಾದರಂತೂ ಇನ್ನೂ ಸಂತೋಷ. ಹಾಡುವವರ ಸ್ವಂತ ದನಿ ಅದರಲ್ಲಿರಬೇಕು, ಅಷ್ಟೇ. ನೀವೆಲ್ಲ ಹೇಗೆ ಹುಡುಕುತ್ತೀರಿ?

ಎರಡನೇ ಸಾಲು

ಸ್ವಾಗತ ಸರ್. ಆ್ಯಪ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನೀವು ಕೇಳಿದ್ದಕ್ಕೆ ಹತ್ತಿರವಾದದ್ದನ್ನೇ ಅದು ಕೊಡುತ್ತದೆ. ನಲವತ್ತು ಹಾಡು ಕೇಳುವವರಿಗೆ ಆ ನಲವತ್ತರ ನೆಂಟರು ಸಿಗುತ್ತಾರೆ, ನಿಮ್ಮ ಬೀದಿಯ ಹುಡುಗಿ ಹೋದ ತಿಂಗಳು ಹಾಕಿದ ಹಾಡು ಸಿಗುವುದಿಲ್ಲ.

ನಾನು ತಂಡಗಳ ಹಿಂದೆ ಹೋಗುವುದನ್ನು ಬಿಟ್ಟು ಮನುಷ್ಯರ ಹಿಂದೆ ಹೋಗುತ್ತೇನೆ. ಒಂದು ಹಾಡು ಹಿಡಿಸಿದರೆ ಅದರಲ್ಲಿ ಪಿಟೀಲು ನುಡಿಸಿದವರು ಯಾರು, ತಾಳವಾದ್ಯ ಯಾರದು, ಮುದ್ರಿಸಿದವರು ಯಾರು ಎಂದು ನೋಡುತ್ತೇನೆ. ಅವರು ಬೇರೆಲ್ಲಿ ನುಡಿಸಿದ್ದಾರೋ ಅಲ್ಲಿಗೆ ಹೋಗುತ್ತೇನೆ. ನಿಮಗೆ ಸ್ವರಾತ್ಮ ಗೊತ್ತು. ಅದರ ಗಾಯಕ ವಾಸು ದೀಕ್ಷಿತ್ ತಮ್ಮದೇ ಇನ್ನೊಂದು ತಂಡ ಕಟ್ಟಿಕೊಂಡು ದಾಸರ ಪದಗಳನ್ನು ಹಾಡುತ್ತಿದ್ದಾರೆ. ಅಲ್ಲಿಂದ ಶುರು ಮಾಡಿ. ಬಿಂದುಮಾಲಿನಿ ಅವರನ್ನು ಚಿತ್ರಗೀತೆಯ ರಾಷ್ಟ್ರಪ್ರಶಸ್ತಿಯಿಂದ ಬಲ್ಲವರೇ ಹೆಚ್ಚು, ಆದರೆ ವೇದಾಂತ್ ಭಾರದ್ವಾಜ್ ಜೊತೆ ಅವರು ಹಾಡಿದ ಕಬೀರನನ್ನು ಕೇಳಿ. ಕಬೀರನ ಬಾಗಿಲು ತೆರೆದರೆ ಶಬನಂ ವಿರ್ಮಾನಿ ಸಿಗುತ್ತಾರೆ. 2003ರಲ್ಲಿ ಇದೇ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಶುರುವಾದ ಅವರ ಕಬೀರ್ ಯೋಜನೆ ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ ಬಹಳಷ್ಟು ಹಾಡುಗಳು ಅಜಬ್ ಶಹರ್ ಎಂಬ ಅಂತರ್ಜಾಲ ತಾಣದಲ್ಲಿ ಪದದ ಸಾಹಿತ್ಯ, ಅರ್ಥಗಳ ಸಮೇತ ಉಚಿತವಾಗಿವೆ. ಒಂದು ಹೆಸರಿನಿಂದ ಮೂರು ಹೆಸರು, ಮೂರರಿಂದ ಒಂಬತ್ತು. ಒಂದು ವಾರಕ್ಕೆ ಅಷ್ಟು ಸಾಕು.

ರಾಕ್ ಕಡೆಯಿಂದ ಎರಡು ತಂಡ. ಪರ್ವಾಜ್ 2010ರಲ್ಲಿ ಶುರುವಾಯಿತು, ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತದೆ. ಗೌಲೆ ಭಾಯ್ ನೇಪಾಳಿಯಲ್ಲಿ ಹಾಡುತ್ತದೆ, 2019ರಲ್ಲಿ ಮೊದಲ ಆಲ್ಬಂ ತಂದಿತು. ಎರಡೂ ಬೆಂಗಳೂರಿನವೇ. ಗೌಲೆ ಭಾಯ್ ಹಾಡಿನಲ್ಲಿ ಪಿಟೀಲು ಬಂದ ಕೂಡಲೇ ಮೈ ತಾನಾಗಿ ತೂಗುತ್ತದೆ. ಒಂದು ಮಾತೂ ಅರ್ಥವಾಗದೆ ನಾನು ಆ ಆಲ್ಬಂ ಇಡೀ ಕೇಳಿದ್ದೇನೆ.

ಬಾಸ್ ತಂತಿ

ನಾನು ನುಡಿಸುವವನು, ಆ ಕಡೆಯಿಂದ ಒಂದು ಮಾತು. ಸರ್, ಕಾರ್ಯಕ್ರಮಕ್ಕೆ ಹೇಳಿದ ಸಮಯಕ್ಕೆ ಬನ್ನಿ. ಮೊದಲು ನುಡಿಸುವ ತಂಡವನ್ನು ಕೇಳಿ. ಬೆಂಗಳೂರಿನವರು ಹೆಸರಾದ ತಂಡ ವೇದಿಕೆ ಹತ್ತುವ ಹೊತ್ತಿಗೆ ಬರುತ್ತಾರೆ. ಏಳು ಗಂಟೆಗೆ ನುಡಿಸುವ ಹುಡುಗರ ಎದುರು ಹದಿನಾಲ್ಕು ಜನ ಇರುತ್ತಾರೆ, ಅದರಲ್ಲಿ ಆರು ಮಂದಿ ಮುಂದೆ ನುಡಿಸಬೇಕಾದವರು. ನನಗೆ ಅತ್ಯಂತ ಇಷ್ಟವಾದ ಮೂರು ತಂಡಗಳನ್ನು ನಾನು ಹಾಗೆಯೇ, ಬೇಗ ಹೋಗಿದ್ದರಿಂದಲೇ, ಕಂಡುಕೊಂಡೆ.

ಈ ನಗರ ನಮಗೆ ಸುಲಭವಾಗಿಲ್ಲ. 2018ರಲ್ಲಿ ಪರವಾನಗಿಯ ಪ್ರಶ್ನೆ ಎದ್ದು ಎಷ್ಟೋ ಪಬ್, ಹೋಟೆಲುಗಳಲ್ಲಿ ಲೈವ್ ಸಂಗೀತ ಒಮ್ಮೆಗೇ ನಿಂತಿತು. ಸ್ವಂತ ಹಾಡು ನುಡಿಸುವವರಿಗೆ ಆಸರೆಯಾಗಿದ್ದ ಇಂದಿರಾನಗರದ ಪಬ್ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಅದರ ಹಿಂದೆಯೇ ಕೊರೊನಾ. ಈಗಲೂ ಬಹಳ ಕಡೆ "ಎಲ್ಲರಿಗೂ ಗೊತ್ತಿರುವ ಹಾಡು ನುಡಿಸಿ" ಎನ್ನುತ್ತಾರೆ. ಒಂದು ಜಾಗದಲ್ಲಿ ನಾಲ್ವರಿಗೆ ಸಂಭಾವನೆ ಎಂದು ಊಟದ ಕೂಪನ್ ಕೊಟ್ಟು ಕಳುಹಿಸಿದರು. ಡ್ರಮ್ ಸಾಗಿಸಿದ ಟೆಂಪೊ ಬಾಡಿಗೆ ನಮ್ಮ ಕೈಯಿಂದಲೇ ಹೋಯಿತು.

ಅದಕ್ಕೇ ಹೇಳುವುದು, ಹಾಡು ಹಿಡಿಸಿದರೆ ಕೊಳ್ಳಿ. ಹಾಡು ಮಾರುವ ತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಂದು ಆಲ್ಬಂ ಕೊಂಡರೆ ಆ ತಾಣ ಸಾಮಾನ್ಯವಾಗಿ ಶೇ 15ರಷ್ಟು ಹಿಡಿದುಕೊಂಡು, ಹಣ ಪಾವತಿಯ ಖರ್ಚು ಕಳೆದು, ಉಳಿದದ್ದನ್ನು ನಮಗೆ ಕೊಡುತ್ತದೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುತ್ತಿದೆ. ಆ್ಯಪ್‌ನಲ್ಲಿ ನೀವು ಅದೇ ಹಾಡನ್ನು ನೂರು ಸಲ ಕೇಳಿದರೂ ಒಂದು ಕಾಫಿಯ ದುಡ್ಡು ಬರುವುದಿಲ್ಲ.

ಹನೂರು ದಾರಿ

ಎಲ್ಲರ ಮಾತು ಓದಿದೆ. ಒಂದು ವಿಷಯ ಮನಸ್ಸಿಗೆ ನಾಟುತ್ತಿದೆ, ಹೇಳಲೇಬೇಕು. ತಲೆಬರಹದಲ್ಲಿ "ಜನಪದ" ಎಂದಿದೆ. ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ನಗರದ ವೇದಿಕೆಯ ಹೆಸರುಗಳು. ಅವರ ಮೇಲೆ ನನಗೆ ಗೌರವವಿದೆ. ಆದರೆ ಗಿಟಾರ್ ಸೇರಿದ ಮೇಲೆಯೇ ಜನಪದ ನಮ್ಮ ಕಿವಿಗೆ ಬೀಳಬೇಕೇ?

ನಮ್ಮದು ಚಾಮರಾಜನಗರ ಜಿಲ್ಲೆ, ಹನೂರು ಕಡೆ. ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ. ಚಿಕ್ಕವಳಿದ್ದಾಗ ನಮ್ಮ ಮನೆಯ ಜಗಲಿಯ ಮೇಲೆ, ದೇವರ ಕಥೆಗಳನ್ನು ಹಾಡುವ ನೀಲಗಾರರು ಹಾಡಿದ ಒಂದು ರಾತ್ರಿಯನ್ನು ಹೇಳುತ್ತೇನೆ. ಹರಕೆಯ ಊಟ ಮುಗಿದಿತ್ತು. ನಾಲ್ಕು ಜನ ಕಂಬಳಿಯ ಮೇಲೆ ಕುಳಿತರು. ಹಿರಿಯರ ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರವೆಂಬ ಲೋಹದ ಗಿಲಕಿ. ಪಕ್ಕದಲ್ಲಿ ಡಕ್ಕಿ ಎಂಬ ಚರ್ಮವಾದ್ಯ, ಆಚೆ ತಾಳ. ಅವರು ಕೂಡಲೇ ಹಾಡಲಿಲ್ಲ. ತಂಬೂರಿಯ ತಂತಿಯನ್ನು ಮೀಟಿ, ಕಿವಿ ಬುರುಡೆಗೆ ಹಚ್ಚಿ, ಬಿರಡೆಯನ್ನು ಎಳ್ಳಷ್ಟು ತಿರುಗಿಸಿ ಮತ್ತೆ ಮೀಟಿದರು. ಹತ್ತು ನಿಮಿಷವಾದರೂ ಹಾಗೆಯೇ ಕಳೆದಿರಬೇಕು. ಮಾತಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸುಮ್ಮನಾದರು. ಆಮೇಲೆ ಡಕ್ಕಿಯವರು ಬೆರಳಿನ ತುದಿಯಿಂದ ಚರ್ಮವನ್ನು ಒಮ್ಮೆ ಒತ್ತಿ ಬಿಟ್ಟರು. ಆ ದನಿ ನೆಲದೊಳಗಿಂದ ಬಂದಂತೆ ಇತ್ತು. ಹಿರಿಯರು ಒಂದು ಸೊಲ್ಲು ಎತ್ತಿದರು, ಉಳಿದ ಮೂವರು ಅದರ ಕೊನೆಯನ್ನು ಹಿಡಿದು ಎಳೆದರು. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆಯಲ್ಲಿ ಸಂಕಮ್ಮನ ಸಾಲು; ಸಾಲು ಎಂದರೆ ನಮ್ಮಲ್ಲಿ ಒಂದು ಕಥಾಭಾಗ. ಗಂಡ ನೀಲೇಗೌಡ ಆಕೆಯನ್ನು ಕಾಡಿಸಿ ಕಾಡಿನಲ್ಲಿ ಬಿಟ್ಟುಹೋಗುವ ಕಡೆ ಬಂದಾಗ ನಮ್ಮ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ಕಥೆಯನ್ನು ಅವಳು ಎಷ್ಟು ಸಲ ಕೇಳಿದ್ದಳೋ! ಕೋಳಿ ಕೂಗುವ ಹೊತ್ತಿಗೂ ಆ ಸಾಲು ಮುಗಿದಿರಲಿಲ್ಲ.

ಮೂರು ನಿಮಿಷದ ಹಾಡಿಗೆ ಒಗ್ಗಿದ ಕಿವಿಗೆ ಇದು ಕಷ್ಟ ಎಂದು ಬಲ್ಲೆ. ಆದರೆ ಅಣ್ಣ, ನೀವು ಹೊಸದನ್ನು ಹುಡುಕುತ್ತಿದ್ದೇನೆ ಎಂದಿರಿ. ನೀವು ಕೇಳಿಲ್ಲದಿರುವುದೆಲ್ಲ ನಿಮಗೆ ಹೊಸದೇ. ಮೈಸೂರು ಗುರುರಾಜ್ ಅವರ ದನಿಯಲ್ಲಿ ಮಾದಪ್ಪನ ಕಥೆ ಯೂಟ್ಯೂಬಿನಲ್ಲಿದೆ, ರಾತ್ರಿ ದೀಪ ಆರಿಸಿ ಕೇಳಿ. ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಅವರ ದನಿಯೂ ಅಲ್ಲೇ ಇದೆ, ಎಷ್ಟು ಜನ ಹುಡುಕಿದ್ದೇವೆ? ನೇರವಾಗಿ ಕೇಳಬೇಕಾದರೆ ಜನವರಿಯ ಹುಣ್ಣಿಮೆಗೆ ನಮ್ಮ ಕಡೆಯ ಚಿಕ್ಕಲ್ಲೂರು ಜಾತ್ರೆಗೆ ಬನ್ನಿ, ಐದು ದಿನ ನಡೆಯುತ್ತದೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬನ್ನಿ. ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ಬಡಿಯುವ ಕಂಸಾಳೆಯ ಸದ್ದನ್ನು ಮೈಕ್ ಇಲ್ಲದೆ, ಬಂಡೆಗಳ ನಡುವೆ ಒಮ್ಮೆ ಕೇಳಿದರೆ ನಿಮಗೆ ಯಾವ ಡ್ರಮ್ಮಿನ ಹಾಡೂ ಮೊದಲಿನಂತೆ ಕೇಳಿಸುವುದಿಲ್ಲ. ಅಷ್ಟು ದೂರ ಆಗದಿದ್ದರೆ ರಾಮನಗರದ ಜಾನಪದ ಲೋಕವಿದೆ, ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಇಲ್ಲೇ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರಕ್ಕೂ ನಮ್ಮ ಕಡೆಯ ತಂಡಗಳು ಬರುತ್ತಿರುತ್ತವೆ.

ಹಳೆಯ ಕ್ಯಾಸೆಟ್

ಅಕ್ಕ, ನಿಮ್ಮ ಬರಹವನ್ನು ಮಗಳಿಗೆ ಓದಿ ಹೇಳಿದೆ. ಡಕ್ಕಿ ನೋಡಬೇಕು ಎಂದಳು. ನಾನೂ ನೋಡಿಲ್ಲ.

ಗೋವಿಂದಭಟ್ಟರ ಓಣಿ

ಹನೂರಿನ ಅಕ್ಕನ ಮಾತಿಗೆ ತಲೆಬಾಗುತ್ತೇನೆ, ಆದರೂ ಒಂದು ಕಡೆ ಒಪ್ಪಲಾರೆ. ಗಿಟಾರ್ ಸೇರಿದ್ದು ಕಲಬೆರಕೆ ಎಂಬ ಭಾವ ಅದರಲ್ಲಿ ಸಣ್ಣಗೆ ಕಾಣುತ್ತದೆ. ನಾನು ಹಾವೇರಿ ಕಡೆಯವನು, ಷರೀಫರ ಪದಗಳನ್ನು ಭಜನೆಯಲ್ಲಿ ಕೇಳಿ ಬೆಳೆದವನು. ಷರೀಫರು 1819ರಿಂದ 1889ರವರೆಗೆ ಬದುಕಿದ್ದರು. ಅವರ ಪದಗಳು ಅಷ್ಟು ಕಾಲ ಬಾಯಿಂದ ಬಾಯಿಗೆ, ಏಕತಾರಿ ದಮ್ಮಡಿಗಳ ಜೊತೆ ಬಂದವು. ನಮ್ಮ ಊರಿನ ಭಜನಾ ಮಂಡಳಿ ಹಾರ್ಮೋನಿಯಂ ತಂದಾಗಲೂ ಮುದುಕರು ಗೊಣಗಿದ್ದರಂತೆ. ಆಮೇಲೆ ಸಿ. ಅಶ್ವತ್ಥ್ ಬಂದರು. ಅವರ ಕ್ಯಾಸೆಟ್ಟುಗಳಿಂದ, 1990ರ ಷರೀಫರ ಚಿತ್ರದಿಂದ, ಆ ಪದಗಳು ನಾಡಿನ ಮನೆಮನೆಗೆ ಹೋದವು. ಬೆಂಗಳೂರಿನಲ್ಲಿ ಷರೀಫರ ಹೆಸರೂ ಕೇಳದವರು ಅಡುಗೆಮನೆಯಲ್ಲಿ ಅವರ ಪದ ಗುನುಗಿದರು. ರಘು ದೀಕ್ಷಿತ್ ಗಿಟಾರ್ ಹಿಡಿದದ್ದು ಅದೇ ಸಾಲಿನ ಮುಂದಿನ ಹೆಜ್ಜೆ. ಮುಸ್ಲಿಂ ಹುಡುಗನೊಬ್ಬ ಬ್ರಾಹ್ಮಣ ಗುರು ಗೋವಿಂದಭಟ್ಟರ ಹಿಂದೆ ನಡೆದುಹೋದ ನಾಡು ಇದು. ಇಲ್ಲಿ ಹಾಡಿಗೆ ಮಡಿ ಉಡಿಸಬಾರದು.

ಹನೂರು ದಾರಿ

ಮಡಿ ಉಡಿಸುತ್ತಿಲ್ಲ ಅಣ್ಣ. ಕಲಬೆರಕೆ ಎಂದೂ ಅನ್ನಲಿಲ್ಲ. ನನ್ನ ನೋವು ಬೇರೆ. ಷರೀಫರಿಗಾದರೆ ಅಂಕಿತವಿದೆ, ಹಾಡಿನಲ್ಲೇ ಹೆಸರು ಉಳಿಯುತ್ತದೆ. ನಮ್ಮ ನೀಲಗಾರರ ಹಾಡಿಗೆ ಅಂಕಿತವಿಲ್ಲ. ಯಾರೋ ಬಂದು ಫೋನಿನಲ್ಲಿ ಮುದ್ರಿಸಿಕೊಂಡು ಹೋಗುತ್ತಾರೆ, ಮುಂದೆ ಅದು ಒಂದು ಆಲ್ಬಂನಲ್ಲಿ "ಸಾಂಪ್ರದಾಯಿಕ" ಎಂಬ ಒಂದೇ ಪದವಾಗಿ ಉಳಿಯುತ್ತದೆ. ನಮ್ಮ ಚಿಕ್ಕಪ್ಪನ ಹಾಡಿಗೆ ಹಾಗೆಯೇ ಆಯಿತು. ಯಾರು ಎಂದು ಹೇಳುವುದಿಲ್ಲ. ಆ ಹಾಡು ಚೆನ್ನಾಗಿಯೇ ಬಂದಿದೆ, ನಾನೂ ಕೇಳುತ್ತೇನೆ. ಆದರೆ ಯಾರಿಂದ ಕಲಿತೆವು, ಯಾವ ಊರಿನವರು ಎಂದು ಎರಡು ಸಾಲು ಬರೆಯಲು ಜಾಗವಿರಲಿಲ್ಲವೇ? ಬಂದ ದುಡ್ಡಿನಲ್ಲಿ ಅವರಿಗೊಂದು ಪಾಲು ಬೇಡವೇ?

ಬಾಸ್ ತಂತಿ

ಅಕ್ಕ, ಇದು ನಮ್ಮಂಥವರಿಗೆ ತಗಲುವ ಮಾತು. ನಮ್ಮ ತಂಡದ ಒಂದು ಹಾಡಿನಲ್ಲಿ ಸೋಬಾನೆಯ ಒಂದು ಸಾಲು ಇದೆ. ಅದನ್ನು ಹೇಳಿಕೊಟ್ಟದ್ದು ನಮ್ಮ ಡ್ರಮ್ಮರ್‌ನ ಅತ್ತೆ, ಮಾಗಡಿ ಹತ್ತಿರದವರು. ಅವರ ಹೆಸರು ಎಲ್ಲಿಯೂ ಹಾಕಿಲ್ಲ. ಇವತ್ತೇ ಹಾಕುತ್ತೇವೆ. ಪಾಲಿನ ಬಗ್ಗೆ ಭಾನುವಾರ ಕುಳಿತು ಮಾತಾಡುತ್ತೇವೆ.

ಗೋವಿಂದಭಟ್ಟರ ಓಣಿ

ಆ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಗಿಟಾರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮೈಸೂರು ರಸ್ತೆ ಹಾಸ್ಟೆಲ್

ನಾನು ವಿದ್ಯಾರ್ಥಿನಿ, ಗಿಟಾರ್ ಕಲಿಯುತ್ತಿದ್ದೇನೆ. ಹೊರಗಿನದನ್ನು ನಾನು ಎರಡು ಕಡೆ ಹುಡುಕುತ್ತೇನೆ: ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ತನ್ನ ಸ್ಟುಡಿಯೊದಲ್ಲಿ ಮುದ್ರಿಸುವ ಕಾರ್ಯಕ್ರಮಗಳು, ಮತ್ತೆ ಅಮೆರಿಕದ ಎನ್‌ಪಿಆರ್ ರೇಡಿಯೊ ಕಚೇರಿಯ ಮೇಜಿನ ಬಳಿ ನಡೆಸುವ, 2008ರಲ್ಲಿ ಶುರುವಾದ ಟೈನಿ ಡೆಸ್ಕ್. ಎರಡರಲ್ಲೂ ಬಣ್ಣದ ದೀಪ, ಹೊಗೆ ಏನೂ ಇಲ್ಲ. ಬೆರಳು ಕಾಣುತ್ತದೆ, ತಪ್ಪೂ ಕಾಣುತ್ತದೆ. ಬಿಗ್ ಥೀಫ್ ಎಂಬ ಅಮೆರಿಕದ ತಂಡ ನನಗೆ ಸಿಕ್ಕಿದ್ದು ಹಾಗೆ.

ನಿಕ್ ಡ್ರೇಕ್ ಎಂಬ ಇಂಗ್ಲೆಂಡಿನ ಗಾಯಕನನ್ನು ಯಾರಾದರೂ ಕೇಳಿದ್ದೀರಾ? 1969ರಿಂದ 1972ರ ನಡುವೆ ಮೂರು ಆಲ್ಬಂ ಮಾಡಿದರು. ಬದುಕಿದ್ದಾಗ ಕೊಂಡವರು ಬಹಳ ಕಡಿಮೆ. 1974ರಲ್ಲಿ, 26ನೇ ವಯಸ್ಸಿನಲ್ಲಿ ತೀರಿಕೊಂಡರು. 2000ದ ಸುಮಾರಿಗೆ ಒಂದು ಕಾರಿನ ಜಾಹೀರಾತಿನಲ್ಲಿ ಅವರ ಹಾಡು ಬಳಕೆಯಾದ ಮೇಲೆ ಜನ ಅಂಗಡಿಗಳಿಗೆ ಹೋಗಿ ಆ ಹಾಡಿನ ಆಲ್ಬಂ ಕೊಡಿ ಎಂದು ಕೇಳಿದರು. ಅವರು ಗಿಟಾರಿನ ತಂತಿಗಳನ್ನು ಎಲ್ಲರಂತೆ ಶ್ರುತಿ ಮಾಡುತ್ತಿರಲಿಲ್ಲ. ಒಂದು ತಂತಿ ಕೆಳಗೆ ಸುಮ್ಮನೆ ಮೊಳಗುತ್ತಲೇ ಇರುತ್ತದೆ, ಅದರ ಮೇಲೆ ಬೆರಳುಗಳು ನಡೆಯುತ್ತವೆ. ಹನೂರಿನ ಅಕ್ಕ ತಂಬೂರಿಯ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಆ ದನಿಯೇ ಕೇಳಿಸಿತು. ನಿನ್ನೆ ರಾತ್ರಿ ನಿಕ್ ಡ್ರೇಕ್, ಮೈಸೂರು ಗುರುರಾಜ್ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕೇಳಿದೆ. ನಿದ್ದೆ ಬರಲಿಲ್ಲ.

ಎರಡನೇ ಸಾಲು

ಸಂಸಾರಸ್ಥರಿಗೆ ಅನುಕೂಲವಾಗುವ ಜಾಗಗಳ ಬಗ್ಗೆ ಸರ್ ಖಾಸಗಿಯಾಗಿ ಕೇಳಿದ್ದರು, ಇಲ್ಲೇ ಬರೆಯುತ್ತೇನೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಬಹುತೇಕ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ, ಮೊದಲು ಬಂದವರಿಗೆ ಕುರ್ಚಿ. ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ವಸ್ತುಸಂಗ್ರಹಾಲಯಕ್ಕೆ ಮಗಳನ್ನು ಖಂಡಿತ ಕರೆದೊಯ್ಯಿರಿ, ವಾದ್ಯಗಳ ಕೋಣೆಯಲ್ಲಿ ಒಂದು ದಿನ ಕಳೆಯಬಹುದು. ಕನಕಪುರ ರಸ್ತೆಯ ಫೈರ್‌ಫ್ಲೈಸ್ ಆಶ್ರಮದಲ್ಲಿ ದೊಡ್ಡ ಆಲದ ಮರದ ಕೆಳಗೆ ಇರುಳಿಡೀ ನಡೆಯುತ್ತಿದ್ದ ಸಂಗೀತಕ್ಕೆ ನಾನು ಚಾಪೆ, ಶಾಲು, ಫ್ಲಾಸ್ಕಿನಲ್ಲಿ ಕಾಫಿ ಹೊತ್ತು ಹೋಗಿದ್ದೇನೆ. ನಸುಕಿನ ನಾಲ್ಕಕ್ಕೆ ರಾಕ್ ತಂಡವೊಂದು ಇಳಿದ ವೇದಿಕೆಗೆ ಬಂಗಾಳದ ಬಾವುಲ್ ಹಾಡುಗಾರರು ಏರಿದ್ದು ನನ್ನ ಬದುಕಿನ ಒಳ್ಳೆಯ ನೆನಪುಗಳಲ್ಲಿ ಒಂದು.

ಬಯಲಿನಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲ, ಹಾಗಾಗಿ ನಗರದೊಳಗಿನ ಬಯಲು ಕಾರ್ಯಕ್ರಮ ಬೇಗ ಮುಗಿಯುತ್ತದೆ, ಮೆಟ್ರೊ ಸಿಗುತ್ತದೆ. ಇದಲ್ಲದೆ ಮನೆಗಳ ತಾರಸಿಯಲ್ಲಿ ಮೂವತ್ತು, ನಲವತ್ತು ಜನರಿಗೆಂದು ನಡೆಯುವ ಕಾರ್ಯಕ್ರಮಗಳಿವೆ. ಹೊಸಬರನ್ನು ಕೇಳಲು ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿಲ್ಲ. ಬಸವನಗುಡಿಯಲ್ಲಿ ಮುಂದಿನ ಶನಿವಾರ ಒಂದಿದೆ. ವಿವರವನ್ನು ಸಂದೇಶದಲ್ಲಿ ಕಳುಹಿಸಿದ್ದೇನೆ.

ಹಳೆಯ ಕ್ಯಾಸೆಟ್

ಹೋಗಿ ಬಂದೆವು. ಬರೆಯದೆ ಮಲಗಲು ಆಗುತ್ತಿಲ್ಲ.

ಆರು ಗಂಟೆ ಎಂದಿದ್ದರು, ಬಾಸ್ ತಂತಿಯವರ ಮಾತು ನೆನೆದು ಐದೂವರೆಗೇ ತಲುಪಿದೆವು. ಮೂರನೇ ಮಹಡಿಯ ತಾರಸಿ. ನೀರಿನ ಟ್ಯಾಂಕಿಗೆ ಒರಗಿಸಿ ಒಂದು ಜಮಖಾನ, ಅದರ ಮೇಲೆ ಎರಡು ಮೈಕ್, ಒಂದು ಪುಟ್ಟ ಸ್ಪೀಕರ್. ಚಪ್ಪಲಿಗಳನ್ನು ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋಗಬೇಕು. ಮೊದಲು ಹಾಡಿದವನು ಇಪ್ಪತ್ತರ ಹುಡುಗ, ಚಿಂತಾಮಣಿ ಕಡೆಯವನಂತೆ. ಹಳೆಯ ಗಿಟಾರ್, ಒಂದು ಬಿರಡೆ ಮುರಿದು ಅದರ ಜಾಗದಲ್ಲಿ ಬೇರೆ ಬಣ್ಣದ್ದು ಕೂರಿಸಿದ್ದ. ಟೊಮೆಟೊ ಮಾರುಕಟ್ಟೆಗೆ ನಸುಕಿನಲ್ಲಿ ಕ್ರೇಟ್ ಹೊರುವ ಅಪ್ಪನ ಮೇಲೆ ಒಂದು ಹಾಡು ಹಾಡಿದ. ಪಲ್ಲವಿ ಎಂದು ಬೇರೆ ಇರಲಿಲ್ಲ, ಆ ದಿನದ ದರವನ್ನು ಕೂಗುವ ದನಿಯೇ ಪಲ್ಲವಿ. ಪ್ರತಿ ಸಲ ದರ ಇಳಿಯುತ್ತಾ ಹೋಗುತ್ತದೆ, ಗಿಟಾರಿನ ಸದ್ದೂ ಇಳಿಯುತ್ತದೆ. ಕೊನೆಯ ಸಲ ಅವನು ತಂತಿ ಮುಟ್ಟಲೇ ಇಲ್ಲ, ಮರದ ಮೇಲೆ ಬೆರಳಿನಿಂದ ತಟ್ಟಿದ. ಕೆಳಗೆ ರಸ್ತೆಯಲ್ಲಿ ಯಾವುದೋ ಆಟೊ ಹಾರ್ನ್ ಹಾಕುತ್ತಿತ್ತು. ತಾರಸಿಯ ಮೇಲೆ ಯಾರೂ ಕದಲಲಿಲ್ಲ.

ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವಳು ಹಾಗೆ ಹಿಡಿದು ಎರಡು ವರ್ಷವಾದರೂ ಆಗಿತ್ತು.

ಮುಗಿದ ಮೇಲೆ ಅವಳೇ ಹೋಗಿ, "ಅಣ್ಣ, ಈ ಹಾಡು ಎಲ್ಲಿ ಸಿಗುತ್ತದೆ?" ಎಂದು ಕೇಳಿದಳು. ಇನ್ನೂ ಎಲ್ಲಿಯೂ ಮುದ್ರಿಸಿಲ್ಲ ಎಂದ. ದುಡ್ಡು ಕೂಡಿಸುತ್ತಿದ್ದಾನಂತೆ. ಅವಳು ತನ್ನ ನೋಟುಪುಸ್ತಕದಲ್ಲಿ ಅವನಿಂದಲೇ ಮೊದಲ ನಾಲ್ಕು ಸಾಲು ಬರೆಸಿಕೊಂಡಳು, ಕೆಳಗೆ ಅವನ ಊರಿನ ಹೆಸರನ್ನೂ ಬರೆಯಲು ಹೇಳಿದಳು. ಹನೂರಿನ ಅಕ್ಕ, ಅದು ನೀವು ಹೇಳಿಕೊಟ್ಟದ್ದು.

ಬಾಸ್ ತಂತಿ

ಸರ್, ಆ ಹುಡುಗನಿಗೆ ನನ್ನ ಸಂಖ್ಯೆ ತಲುಪಿಸಿ. ಲಗ್ಗೆರೆಯಲ್ಲಿ ನಮ್ಮ ಅಭ್ಯಾಸದ ಕೋಣೆ ಇದೆ, ಎರಡು ಒಳ್ಳೆಯ ಮೈಕ್ ಇವೆ. ಎರಡು ಭಾನುವಾರ ಕುಳಿತರೆ ನಾಲ್ಕು ಹಾಡು ಮುದ್ರಿಸಬಹುದು. ದುಡ್ಡು ಬೇಡ.

ಹನೂರು ದಾರಿ

ಪೀಣ್ಯದಿಂದ ಲಗ್ಗೆರೆ ಹತ್ತಿರ. ಮುದ್ರಣದ ದಿನ ಊಟ ನಾನು ತರುತ್ತೇನೆ. ಚಿಕ್ಕಪ್ಪ ಮುಂದಿನ ತಿಂಗಳು ಆಸ್ಪತ್ರೆಯ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾರೆ, ತಂಬೂರಿ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಬಾಸ್ ತಂತಿಯವರೇ, ಆ ಮೈಕುಗಳನ್ನು ಅವರಿಗೂ ಒಂದು ರಾತ್ರಿ ಕೊಡುತ್ತೀರಾ? ಇಡೀ ರಾತ್ರಿ ಬೇಕಾಗುತ್ತದೆ.

ಬಾಸ್ ತಂತಿ

ಕೊಡುತ್ತೇನೆ ಅಕ್ಕ. ದಿನ ಹೇಳಿ.

ಹಳೆಯ ಕ್ಯಾಸೆಟ್

ನಾನೂ ಮಗಳೂ ಬರುತ್ತೇವೆ. ಅವಳಿಗೆ ಮರುದಿನ ಶಾಲೆ ಇಲ್ಲದ ರಾತ್ರಿಯಾದರೆ ಒಳ್ಳೆಯದು.